ಇದ್ರಾಗ ತಪ್ಪ ಏನೈತ್ರಿ?

ಏಪ್ರಿಲ್‌ನ ಒಂದು ಸಂಜೆ, ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್ ಕ್ಲಾಸಿನಲ್ಲಿ, ಬೋರ್ಡಿನ ಮೇಲೆ ಒಂದು ವಾಕ್ಯ ಬರೆದೆ. ‘ವಿ ಡಿಸ್ಕಸ್ಡ್ ಅಬೌಟ್ ದಿ ಮ್ಯಾಟರ್ ಫಾರ್ ಟೂ ಅವರ್ಸ್.’ ಮೂರು ತುಂಡು ಮಾಡಿ, ಕೆಳಗೆ ಗೀಟೆಳೆದು ಎ, ಬಿ, ಸಿ ಅಂತ ಹಾಕಿದೆ. ಕೊನೆಗೆ ಡಿ, ಅಂದರೆ ‘ನೋ ಎರರ್’. ತಪ್ಪು ಯಾವ ತುಂಡಿನಲ್ಲಿದೆ ಅಂತ ಹುಡುಕಬೇಕು. ಕರೆಂಟ್ ಹೋಗಿತ್ತು. ರಾಯಚೂರಿನ ಏಪ್ರಿಲ್ ನಿಮಗೆ ಗೊತ್ತಿದ್ದರೆ ಜಾಸ್ತಿ ಹೇಳಬೇಕಿಲ್ಲ, ಸಂಜೆ ಆರೂವರೆಗೂ ಗೋಡೆ ಮುಟ್ಟಿದರೆ ಕೈ ಬಿಸಿಯಾಗುತ್ತದೆ. ಹುಡುಗರು ನೋಟ್‌ಬುಕ್ಕಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಬೋರ್ಡ್ ನೋಡುತ್ತಿದ್ದರು. ಮಾನ್ವಿ ಕಡೆಯ ಒಬ್ಬ ಹುಡುಗಿ ಕೈ ಎತ್ತಿದಳು.

“ಸರ್, ಇದ್ರಾಗ ತಪ್ಪ ಏನೈತ್ರಿ? ಎಲ್ಲಾ ಸರೀನ ಐತಲ್ರಿ.”

ಹಿಂದಿನ ಬೆಂಚಿನಿಂದ ಇನ್ನೊಬ್ಬ, “ಡಿ ರೀ ಸರ್, ಡಿ!”

ತಪ್ಪು ‘ಅಬೌಟ್’ನಲ್ಲಿದೆ. ‘ಡಿಸ್ಕಸ್’ ಅನ್ನುವ ಕ್ರಿಯಾಪದಕ್ಕೆ ಅದು ಬೇಡ, ‘ಡಿಸ್ಕಸ್ಡ್ ದಿ ಮ್ಯಾಟರ್’ ಅಂದರೆ ಸಾಕು. ಇದನ್ನು ಹೇಳಿ ಮುಂದಿನ ವಾಕ್ಯಕ್ಕೆ ಹೋಗಬಹುದಿತ್ತು, ನನ್ನ ಮೇಷ್ಟ್ರು ಹಾಗೇ ಹೋಗಿದ್ದರು. ಆದರೆ ಆ ಹುಡುಗಿಯ ಮುಖ ನೋಡಿದರೆ ಅವಳಿಗೆ ಒಪ್ಪಿಗೆಯಾಗಿಲ್ಲ ಅಂತ ಗೊತ್ತಾಗುತ್ತಿತ್ತು. ಅವಳು ಯಾಕೆ ಒಪ್ಪಬೇಕು? ಚರ್ಚೆ ಮಾಡುವುದು ಯಾವಾಗಲೂ ಒಂದರ ‘ಬಗ್ಗೆ’ ತಾನೆ? ‘ವಿಷಯ ಚರ್ಚಿಸಿದೆವು’ ಅಂತ ಪೇಪರಿನಲ್ಲಿ ಬರೆಯುತ್ತಾರೆ, ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಅದೂ ಅಲ್ಲದೆ ಇಂಗ್ಲಿಷಿನಲ್ಲೇ ‘ಎ ಡಿಸ್ಕಷನ್ ಅಬೌಟ್ ದಿ ಮ್ಯಾಟರ್’ ಅಂದರೆ ಸರಿ. ನಾಮಪದವಾದರೆ ‘ಅಬೌಟ್’ ಬೇಕು, ಕ್ರಿಯಾಪದವಾದರೆ ಬೇಡ. ಇಷ್ಟು ಸಣ್ಣ ಗಲ್ಲಿಯಲ್ಲಿ ಒಂದು ಮಾರ್ಕ್ಸ್ ಅಡಗಿ ಕೂತಿರುತ್ತದೆ.

ಇನ್ನು ನನ್ನ ಕಥೆ. ನಾನು ಬ್ಯಾಂಕ್ ಪರೀಕ್ಷೆಗೆ ಇಂಗ್ಲಿಷ್ ಹೇಳಿಕೊಡುವವನು. ಬ್ಯಾಂಕ್ ಕೆಲಸ ಸಿಗಲಿಲ್ಲ, ಅದಕ್ಕೇ ಹೇಳಿಕೊಡುತ್ತಿದ್ದೇನೆ. ಇದರಲ್ಲಿ ಮುಚ್ಚಿಡುವುದು ಏನೂ ಇಲ್ಲ, ನನ್ನ ಹುಡುಗರಿಗೂ ಗೊತ್ತು. ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಅಂಗಡಿಯ ಮೇಲಿನ ರೂಮು. ಲಿಂಗಸುಗೂರು, ದೇವದುರ್ಗ, ಸಿಂಧನೂರು ಕಡೆಯಿಂದ ಬಂದು ರೂಮ್ ಮಾಡಿಕೊಂಡು ಓದುವವರೇ ಜಾಸ್ತಿ. ಹತ್ತರಲ್ಲಿ ಎಂಟು ಜನ ಪಿಯುಸಿವರೆಗೆ ಕನ್ನಡ ಮಾಧ್ಯಮ.

ನಾನು ಬರೆದಾಗ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನ ಪರೀಕ್ಷೆಯಲ್ಲಿ, ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ಅಂದರೆ ಒಂದಕ್ಕೆ 40 ಸೆಕೆಂಡ್. ತಪ್ಪಾದರೆ ಕಾಲು ಮಾರ್ಕ್ಸ್ ಕಟ್. ಪರೀಕ್ಷೆ ಬಳ್ಳಾರಿಯಲ್ಲಿತ್ತು. ಹಿಂದಿನ ದಿನವೇ ಸಿಂಧನೂರು, ಸಿರುಗುಪ್ಪ ಮೇಲೆ ಹೋಗುವ ಬಸ್ಸು ಹಿಡಿದು ಹೋಗಿ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಅವರು ಮಾಡಿದ ಒಗ್ಗರಣೆ ಮಿರ್ಚಿ ತಿಂದು, ಅದು ಪರೀಕ್ಷೆಯ ದಿನ ತಿನ್ನುವ ವಸ್ತು ಅಲ್ಲ ಅಂತ ಕಂಪ್ಯೂಟರ್ ಮುಂದೆ ಕೂತ ಮೇಲೆ ಗೊತ್ತಾಯಿತು, ಅದು ಬೇರೆ ವಿಷಯ.

ಅಲ್ಲಿ ಬಂದ ಒಂದು ವಾಕ್ಯ ಇವತ್ತಿಗೂ ಮರೆತಿಲ್ಲ. ‘ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್ ವಾಸ್ ನಾಟ್ ಗುಡ್.’ ಮೊದಲು ‘ನೋ ಎರರ್’ ಒತ್ತಿದೆ. ಮುಂದಕ್ಕೆ ಹೋದೆ. ಆಮೇಲೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ತಪ್ಪು ಹುಡುಕಿ ಅಂತ ಕೊಟ್ಟಿದ್ದಾರೆ, ತಪ್ಪೇ ಇಲ್ಲ ಅಂದರೆ ಹೇಗೆ? ವಾಪಸ್ ಬಂದು ನೋಡಿದೆ. ‘ಮ್ಯಾಂಗೋಸ್ ವಾಸ್.’ ಮ್ಯಾಂಗೋಸ್ ಬಹುವಚನ, ಪಕ್ಕದಲ್ಲೇ ‘ವಾಸ್’. ಸಿಕ್ಕಿತು ಕಳ್ಳ ಅಂತ ಖುಷಿಯಾಗಿ ಬದಲಾಯಿಸಿದೆ. ಬರಬೇಕಿದ್ದ ಒಂದು ಮಾರ್ಕ್ಸ್ ಹೋಯಿತು, ಮೇಲೆ ಕಾಲು ಕಟ್. ಒಟ್ಟು ಒಂದೂಕಾಲು. ಕಟ್ ಆಫ್‌ಗೆ ನನಗೆ ಕಮ್ಮಿ ಬಿದ್ದದ್ದು ಮುಕ್ಕಾಲು.

ಬೇರೆ ಪ್ರಶ್ನೆಗಳೂ ತಪ್ಪಾಗಿದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಮನುಷ್ಯನಿಗೆ ಒಂದು ಮಾವಿನ ಹಣ್ಣು ಬೇಕಲ್ಲ, ದೂರಲಿಕ್ಕೆ.

ಆಗ ನಾನು ಹೋಗುತ್ತಿದ್ದ ಕೋಚಿಂಗ್‌ನಲ್ಲಿ ದಿನಾ ಒಂದು ಮಾತು ಹೇಳುತ್ತಿದ್ದರು. ಕನ್ನಡದಲ್ಲಿ ಯೋಚಿಸಬೇಡಿ, ಇಂಗ್ಲಿಷಿನಲ್ಲೇ ಯೋಚಿಸಿ. ಕೇಳಲಿಕ್ಕೆ ಬಹಳ ಚೆಂದ. ನಾನೂ ಎರಡು ವರ್ಷ ಪ್ರಯತ್ನ ಮಾಡಿದೆ. ಸ್ನಾನ ಮಾಡುವಾಗ, ನಡೆಯುವಾಗ, ಊಟ ಮಾಡುವಾಗ ಇಂಗ್ಲಿಷಿನಲ್ಲಿ ಯೋಚಿಸಲಿಕ್ಕೆ ಹೋಗಿ ಯೋಚನೆ ಮಾಡುವುದೇ ನಿಂತುಹೋಯಿತು. ಯೋಚಿಸುವ ಭಾಷೆ ಅಂಗಿಯಲ್ಲ, ಹುಕ್ ಬಿಚ್ಚಿ ಇನ್ನೊಂದು ಹಾಕಿಕೊಳ್ಳಲಿಕ್ಕೆ. ಇಂಗ್ಲಿಷ್ ಮನೆಯಲ್ಲಿ ಬೆಳೆದವರು ತಪ್ಪು ವಾಕ್ಯ ಓದಿದ ಕೂಡಲೇ ಕಿವಿಗೆ ಕಲ್ಲು ಸಿಕ್ಕ ಹಾಗಾಗುತ್ತದೆ ಅನ್ನುತ್ತಾರೆ. ನಮಗೆ ಆ ಕಿವಿ ಇಲ್ಲ. ನಾಲ್ಕು ತಿಂಗಳ ಕ್ರ್ಯಾಶ್ ಕೋರ್ಸಿನಲ್ಲಿ ಅದು ಬೆಳೆಯುವುದೂ ಇಲ್ಲ.

ಪಾಠ ಮಾಡಲಿಕ್ಕೆ ಶುರು ಮಾಡಿದ ಮೇಲೆ, ಒಂದು ದಿನ ಅದೇ ಮಾವಿನ ಹಣ್ಣಿನ ವಾಕ್ಯವನ್ನು ಹುಡುಗರಿಗೆ ಬಿಡಿಸಿ ಹೇಳಬೇಕಾಗಿತ್ತು. ಅರ್ಥವಾಗಲಿ ಅಂತ ಸುಮ್ನೆ ಕನ್ನಡದಲ್ಲಿ ಬರೆದೆ. ‘ಮಾವಿನ ಹಣ್ಣುಗಳ ಗುಣಮಟ್ಟ ಚೆನ್ನಾಗಿರಲಿಲ್ಲ.’ ಬರೆದು ಚಾಕ್‌ಪೀಸ್ ಹಿಡಿದುಕೊಂಡು ಹಾಗೇ ನಿಂತೆ. ಕ್ರಿಯಾಪದದ ಕಡೆ ಯಾವುದಿದೆ? ಗುಣಮಟ್ಟ. ಹಣ್ಣುಗಳು ಹಿಂದೆ ಹೋಗಿ ಕೂತಿವೆ. ಇಂಗ್ಲಿಷಿನಲ್ಲಿ ‘ಆಫ್’ ಹಿಡಿದುಕೊಂಡು ಬರುವ ಸಾಮಾನೆಲ್ಲ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಬಂದು ತೂರಿಕೊಳ್ಳುತ್ತದೆ, ಅದೇ ಅವರು ಒಡ್ಡುವ ಬಲೆ. ಕನ್ನಡದಲ್ಲಿ ‘ಅದರ, ಇದರ, ಅವರ’ ಎಲ್ಲ ಮುಂಚೆಯೇ ಬಂದು ಹೋಗುತ್ತವೆ. ಯಾರ ಬಗ್ಗೆ ಮಾತೋ ಅವನೇ ಕ್ರಿಯಾಪದದ ಕಡೆ ಉಳಿಯುತ್ತಾನೆ.

‘ದಿ ಲಿಸ್ಟ್ ಆಫ್ ಐಟಮ್ಸ್ ಆರ್ ಆನ್ ದಿ ಟೇಬಲ್.’ ಕನ್ನಡಕ್ಕೆ ತಿರುವಿ: ಸಾಮಾನುಗಳ ಪಟ್ಟಿ ಟೇಬಲ್ ಮೇಲಿದೆ. ಇದೆ, ಇವೆ ಅಲ್ಲ. ಹಾಗಾದರೆ ‘ಈಸ್’. ‘ಒನ್ ಆಫ್ ದಿ ಬಾಯ್ಸ್ ಹ್ಯಾವ್ ಗಾನ್.’ ಹುಡುಗರಲ್ಲಿ ಒಬ್ಬ ಹೋಗಿದ್ದಾನೆ. ‘ಹುಡುಗರಲ್ಲಿ ಒಬ್ಬ ಹೋಗಿದ್ದಾರೆ’ ಅಂತ ಎರಡನೇ ಕ್ಲಾಸಿನ ಮಗುವೂ ಅನ್ನುವುದಿಲ್ಲ. ಹಾಗಾದರೆ ‘ಹ್ಯಾಸ್’. ಬಳ್ಳಾರಿಯಲ್ಲಿ ಆ 40 ಸೆಕೆಂಡಿನಲ್ಲಿ ನಾನು ಮಾಡಬಾರದು ಅಂತ ಅಂದುಕೊಂಡದ್ದನ್ನೇ ಮಾಡಿದ್ದರೆ ಮುಗಿದುಹೋಗುತ್ತಿತ್ತು. ಇದು ತಲೆಗೆ ಹೋದ ದಿನ ನನಗೆ ಬಂದದ್ದು ಖುಷಿಯಲ್ಲ, ಸಿಟ್ಟು.

ಇದು ಎಲ್ಲ ಕಡೆ ನಡೆಯುತ್ತದೆ ಅಂತಲ್ಲ. ‘ನೈದರ್ ದಿ ಟೀಚರ್ ನಾರ್ ದಿ ಸ್ಟೂಡೆಂಟ್ಸ್’ ಬಂದರೆ ಕನ್ನಡ ಕೈ ಕೊಡುತ್ತದೆ. ‘ಮೇಷ್ಟ್ರಾಗಲಿ ಹುಡುಗರಾಗಲಿ ಬರಲಿಲ್ಲ.’ ನಾನು ಬರಲಿಲ್ಲ, ನೀನು ಬರಲಿಲ್ಲ, ಅವರು ಬರಲಿಲ್ಲ, ಎಲ್ಲರಿಗೂ ಒಂದೇ ‘ಬರಲಿಲ್ಲ’. ನಮ್ಮ ಭಾಷೆಯಲ್ಲಿ ಇಲ್ಲ ಅನ್ನುವಾಗ ಏಕವಚನ ಬಹುವಚನದ ಭೇದವೇ ಇಲ್ಲ. ಅಲ್ಲಿ ‘ಹತ್ತಿರದವನ ಮಾತು ಕೇಳು’ ಅನ್ನುವ ರೂಲ್ ಬಾಯಿಪಾಠ ಮಾಡಲೇಬೇಕು: ‘ಸ್ಟೂಡೆಂಟ್ಸ್’ ಹತ್ತಿರ ಇದೆ, ಆದ್ದರಿಂದ ‘ವರ್’.

ಕನ್ನಡ ಬರೀ ಕೈ ಕೊಡುವುದಲ್ಲ, ಕೈ ಹಿಡಿದು ಹಳ್ಳಕ್ಕೆ ಕರೆದುಕೊಂಡು ಹೋಗುವ ಜಾಗಗಳೂ ಇವೆ. ‘ಅಬೌಟ್’ ಅದರಲ್ಲಿ ಒಂದು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ಹಳ್ಳ ‘ಇಂದ’. 2019ರಿಂದ ಇಲ್ಲಿದ್ದೇನೆ, ಎರಡು ವರ್ಷದಿಂದ ಇಲ್ಲಿದ್ದೇನೆ. ನಮಗೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ಶುರುವಾದ ಹೊತ್ತು ಹೇಳಿದರೆ ‘ಸಿನ್ಸ್’, ಎಷ್ಟು ಕಾಲ ಅಂತ ಹೇಳಿದರೆ ‘ಫಾರ್’. ಜೊತೆಗೆ ನಾವು ‘ಇದ್ದೇನೆ’ ಅಂತ ಈಗಿನ ಕಾಲದಲ್ಲಿ ಹೇಳುವುದನ್ನು ಅವರು ‘ಹ್ಯಾವ್ ಬೀನ್’ ಅಂತ ಹೇಳಬೇಕು. ಅದಕ್ಕೇ ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಅನ್ನುವ ವಾಕ್ಯದಲ್ಲಿ ಎರಡು ತಪ್ಪಿದ್ದರೂ ನಮ್ಮ ಕಣ್ಣಿಗೆ ಒಂದೂ ಬೀಳುವುದಿಲ್ಲ. ಹಾಗೇ ‘ಇಂತ’. ನನಗಿಂತ ಸೀನಿಯರ್, ಕಾಫಿಗಿಂತ ಚಹಾ ಇಷ್ಟ. ಎಲ್ಲ ಕಡೆ ‘ದ್ಯಾನ್’ ಹಾಕುತ್ತೇವೆ. ಸೀನಿಯರ್, ಜೂನಿಯರ್, ಸುಪೀರಿಯರ್, ಪ್ರಿಫರ್ ಇವುಗಳ ಮುಂದೆ ‘ಟು’ ಬರಬೇಕು. ‘ಅನ್‌ಲೆಸ್’ ಒಳಗೇ ಒಂದು ‘ಇಲ್ಲ’ ಕೂತಿದೆ, ನಾವು ‘ಓದದಿದ್ದರೆ’ ಅನ್ನುವುದನ್ನು ಹಾಗೇ ಎತ್ತಿ ‘ಅನ್‌ಲೆಸ್ ಯು ಡು ನಾಟ್ ಸ್ಟಡಿ’ ಅಂತ ಎರಡೆರಡು ಸಲ ಇಲ್ಲ ಅಂದುಬಿಡುತ್ತೇವೆ. ಇನ್ನು ‘ಅಲ್ವಾ’. ನೀನು ಬರ್ತೀಯ ಅಲ್ವಾ, ಅವರು ಹೋದ್ರು ಅಲ್ವಾ, ಮಳೆ ಬಂತು ಅಲ್ವಾ. ನಮ್ಮ ಕಡೆ ‘ಹೌದಿಲ್ರಿ?’ ಅಂತಾರೆ. ಒಂದೇ ಮಾತಿನಲ್ಲಿ ಊರೆಲ್ಲ ಸುತ್ತಿ ಬರಬಹುದು. ಇಂಗ್ಲಿಷ್ ಪಾಪ ಪ್ರತಿ ಸಲ ‘ಆರಂಟ್ ಯು, ಡಿಡಂಟ್ ದೇ, ಡಸಂಟ್ ಇಟ್’ ಅಂತ ಕ್ರಿಯಾಪದಕ್ಕೆ ತಕ್ಕ ಹಾಗೆ ಹೊಸದು ಹೊಲಿಸಬೇಕು. ನಾವು ಎಲ್ಲದಕ್ಕೂ ‘ಈಸಂಟ್ ಇಟ್’ ಹಾಕಿ ಮಾರ್ಕ್ಸ್ ಕಳೆದುಕೊಳ್ಳುತ್ತೇವೆ. ಯಾವ ಭಾಷೆ ಜಾಣ ಅಂತ ನೀವೇ ಹೇಳಿ.

ಹಾಗಾಗಿ ನಾನು ಈಗ ಕನ್ನಡದಲ್ಲೇ ಯೋಚಿಸಿ ಅಂತ ಹೇಳುತ್ತೇನೆ, ಆದರೆ ಗೊತ್ತಿದ್ದು ಯೋಚಿಸಿ. ವಾಕ್ಯವನ್ನು ಕನ್ನಡಕ್ಕೆ ತಿರುವಿ. ಕರ್ತೃ ಕ್ರಿಯಾಪದದ ಜಗಳವಾದರೆ ಕನ್ನಡದ ಮಾತು ಕೇಳಿ. ‘ಇಂದ, ಇಂತ, ಬಗ್ಗೆ, ಅಲ್ವಾ’ ಬಂದರೆ ಕನ್ನಡದ ಮಾತು ಕೇಳಬೇಡಿ. ಪಕ್ಕದ ಬೀದಿಯ ಕೋಚಿಂಗ್‌ನವರಿಗೆ ಇದು ತಮಾಷೆಯಾಗಿ ಕಾಣುತ್ತದಂತೆ. ಇರಲಿ.

ಇನ್ನೊಂದು ಚಮತ್ಕಾರ ಇದೆ, ಅದರಲ್ಲಿ ನಾನು ಬಿದ್ದದ್ದೂ ಇದೆ. ‘ಎ’ ಹಾಕಬೇಕೋ ‘ಆ್ಯನ್’ ಹಾಕಬೇಕೋ ಅಂತ ಹುಡುಗರು ಒದ್ದಾಡುತ್ತಾರೆ, ಯಾಕೆಂದರೆ ಸ್ಪೆಲ್ಲಿಂಗ್ ನೋಡುತ್ತಾರೆ. ನೋಡಬೇಕಾದದ್ದು ಉಚ್ಚಾರ. ನಾನು ಹೇಳಿದೆ, ಆ ಪದವನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ, ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ‘ಅವರ್’ ಅಂದರೆ ಗಂಟೆ, ಅ ಸ್ವರ, ಆದ್ದರಿಂದ ‘ಆ್ಯನ್’. ಇಂಗ್ಲಿಷಿನಲ್ಲಿ ಅದಕ್ಕೆ ಎಚ್ ಇದೆ ಅನ್ನುವುದೇ ಕನ್ನಡ ಲಿಪಿಗೆ ಗೊತ್ತಿಲ್ಲ. ‘ಯೂನಿವರ್ಸಿಟಿ’, ಯ ವ್ಯಂಜನ, ಆದ್ದರಿಂದ ‘ಎ’. ‘ಎಂಎಲ್‌ಎ’, ಎ ಸ್ವರ, ‘ಆ್ಯನ್’. ಹುಡುಗರಿಗೆ ಬಹಳ ಖುಷಿ. ಬರೆದದ್ದೆಲ್ಲ ಸರಿ ಹೋಗುತ್ತಿತ್ತು. ಆಗ ದೇವದುರ್ಗದ ಒಬ್ಬ ಹುಡುಗ ‘ಒನ್ ರುಪೀ ನೋಟ್’ ಅಂತ ಬರೆದು, ಒ ಸ್ವರ, ‘ಆ್ಯನ್’ ಅಂದ. ತಪ್ಪು. ‘ಎ ಒನ್ ರುಪೀ ನೋಟ್’ ಆಗಬೇಕು, ಯಾಕೆಂದರೆ ಇಂಗ್ಲಿಷಿನವರು ಅದನ್ನು ‘ವನ್’ ಅನ್ನುತ್ತಾರೆ. ನಾವು ಬಸ್ ಸ್ಟ್ಯಾಂಡಿನಿಂದ ಬ್ಯಾಂಕಿನವರೆಗೆ ಎಲ್ಲ ಕಡೆ ‘ಒನ್’ ಅಂತಲೇ ಬರೆಯುತ್ತೇವೆ. ನನ್ನ ರೂಲ್ ಸರಿ, ನಮ್ಮ ಬರವಣಿಗೆ ಅವರ ಬಾಯಿಗಿಂತ ಬೇರೆ. ಆ ಒಂದನ್ನು ಬೇರೆ ಬಣ್ಣದ ಚಾಕ್‌ನಲ್ಲಿ ಬರೆದು ಮೂಲೆಯಲ್ಲಿ ಬಿಟ್ಟಿದ್ದೇನೆ.

ಕೀ ಉತ್ತರದ ಗಲಾಟೆ ಹೇಳದೆ ಈ ಬರಹ ಮುಗಿಯುವುದಿಲ್ಲ. ಒಂದು ಅಭ್ಯಾಸದ ಪುಸ್ತಕದಲ್ಲಿ ‘ಎವರಿವನ್ ಮಸ್ಟ್ ಡು ದೇರ್ ಡ್ಯೂಟಿ’ ಅಂತಿತ್ತು. ಕೀ ಪ್ರಕಾರ ‘ದೇರ್’ ತಪ್ಪು, ‘ಹಿಸ್’ ಸರಿ. ಮಾನ್ವಿಯ ಅದೇ ಹುಡುಗಿ ಎದ್ದು ನಿಂತಳು. “ಸರ್, ಎವರಿವನ್ ಅಂದ್ರ ನಾವೂ ಬರ್ತೀವಲ್ರಿ. ಹಿಸ್ ಯಾಕ್ರಿ?”

“ಕೀ ಒಳಗ ಹಂಗೈತಮ್ಮ” ಅಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಇಂಗ್ಲಿಷಿನವರು ಒಬ್ಬರಿಗೂ ‘ದೇ’ ಬಳಸುವುದು ನೂರಾರು ವರ್ಷದಿಂದ ಇದೆ. ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು 2019ರ ವರ್ಷದ ಪದ ಅಂತ ಆರಿಸಿದ್ದೇ ‘ದೇ’ ಪದವನ್ನು. ನಮ್ಮ ಅಭ್ಯಾಸದ ಪುಸ್ತಕಗಳು ಮಾತ್ರ ಹಳೆಯ ರೂಲ್ ಹಿಡಿದುಕೊಂಡು ಕೂತಿವೆ. ಕನ್ನಡದಲ್ಲಿ ಈ ತಲೆನೋವೇ ಇಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸ ಮಾಡಬೇಕು. ‘ತಮ್ಮ’ ಗಂಡೂ ಅಲ್ಲ ಹೆಣ್ಣೂ ಅಲ್ಲ. ಅವಳ ಕಿವಿಗೆ ‘ಹಿಸ್’ ಚುಚ್ಚಿದ್ದು ಆ ‘ತಮ್ಮ’ದಿಂದಲೇ ಇರಬೇಕು. ಮರುದಿನ ಅವಳಿಗೆ, ನೀನು ಹೇಳಿದ್ದೇ ಸರಿ, ಆದರೆ ಪರೀಕ್ಷೆಯಲ್ಲಿ ಬಂದರೆ, ಬೇರೆ ತಪ್ಪು ಕಾಣದಿದ್ದರೆ, ‘ದೇರ್’ ಇರುವ ತುಂಡನ್ನೇ ಒತ್ತು ಅಂದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಎಷ್ಟು ಕಷ್ಟ ಅಂತ ಮೇಷ್ಟ್ರುಗಳಿಗೆ ಗೊತ್ತು.

ಈ ಗಲಾಟೆ ದೊಡ್ಡ ದೊಡ್ಡವರಿಗೂ ತಪ್ಪಿದ್ದಲ್ಲ. ಅಮೆರಿಕದಲ್ಲಿ ಹೈಸ್ಕೂಲ್ ಮಕ್ಕಳು ಬರೆಯುವ ಪಿಎಸ್‌ಎಟಿ ಅನ್ನುವ ಪರೀಕ್ಷೆಯಲ್ಲಿ 2002ರಲ್ಲಿ ಲೇಖಕಿ ಟೋನಿ ಮಾರಿಸನ್ ಬಗ್ಗೆ ಒಂದು ವಾಕ್ಯ ಬಂತು. ಟೋನಿ ಮಾರಿಸನ್‌ರ ಪ್ರತಿಭೆ ‘ಅವರಿಗೆ’ ಇಂಥ ಕಾದಂಬರಿಗಳನ್ನು ಬರೆಯುವ ಶಕ್ತಿ ಕೊಡುತ್ತದೆ ಅನ್ನುವ ಅರ್ಥದ್ದು. ಕೀ ಉತ್ತರ ‘ನೋ ಎರರ್’. ಮೇರಿಲ್ಯಾಂಡ್‌ನ ಒಬ್ಬ ಮೇಷ್ಟ್ರು ಒಪ್ಪಲಿಲ್ಲ. ವಾಕ್ಯದಲ್ಲಿ ‘ಟೋನಿ ಮಾರಿಸನ್‌ರ’ ಅಂತ ಇದೆಯೇ ಹೊರತು ‘ಟೋನಿ ಮಾರಿಸನ್’ ಅಂತ ಇಲ್ಲ, ಹಾಗಿದ್ದ ಮೇಲೆ ‘ಅವರು’ ಯಾರು, ಅನ್ನುವುದು ಅವರ ತಕರಾರು. ತಿಂಗಳುಗಟ್ಟಲೆ ಪತ್ರ ವ್ಯವಹಾರ ನಡೆದು 2003ರಲ್ಲಿ ಪರೀಕ್ಷೆಯವರು ಆ ಪ್ರಶ್ನೆಯನ್ನೇ ಕೈಬಿಟ್ಟು ಮಾರ್ಕ್ಸ್ ಮತ್ತೆ ಲೆಕ್ಕ ಹಾಕಿದರು. ನನ್ನನ್ನು ಕೇಳಿದರೆ ಆ ವಾಕ್ಯದಲ್ಲಿ ತಪ್ಪಿಲ್ಲ, ಓದಿದವರಿಗೆ ಯಾರು ಅಂತ ಗೊತ್ತಾಗುತ್ತದೆ. ಆದರೂ ಒಬ್ಬ ಮೇಷ್ಟ್ರು ಹಟ ಹಿಡಿದು ಕೂತರೆ ಕೀ ಅಲ್ಲಾಡುತ್ತದೆ ಅನ್ನುವುದು ನನಗೆ ಇಷ್ಟವಾಯಿತು. 2016ರಲ್ಲಿ ಅವರ ಕಾಲೇಜು ಪ್ರವೇಶದ ಪರೀಕ್ಷೆ ಎಸ್‌ಎಟಿ ಬದಲಾದಾಗ ಹೀಗೆ ಬಿಡಿ ವಾಕ್ಯ ಕೊಟ್ಟು ತಪ್ಪು ಹುಡುಕಿಸುವ ಪ್ರಶ್ನೆಗಳನ್ನೇ ತೆಗೆದುಹಾಕಿದರು. ನಮ್ಮಲ್ಲಿ ಆರಾಮಾಗಿ ಮುಂದುವರಿದಿದೆ.

ನಮ್ಮ ಮನೆಯಲ್ಲಿ ಇದು ಮೂರನೇ ತಲೆಮಾರು, ಬೇರೆಯವರ ಭಾಷೆಯಲ್ಲಿ ತಪ್ಪಿಲ್ಲದೆ ಬರೆಯುವ ಕಷ್ಟ. ತಾತ ಶಾಲೆಗೆ ಹೋದಾಗ ರಾಯಚೂರು ಇನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1948ರವರೆಗೆ. ಉರ್ದು ಕಲಿತರೆ ನೌಕರಿ. ಅವರು ಕೊನೆಯವರೆಗೂ ಅರ್ಜಿಗೆ ‘ದರಖಾಸ್ತು’ ಅಂತಲೇ ಅನ್ನುತ್ತಿದ್ದರು. ಅಪ್ಪನಿಗೆ ಕನ್ನಡ ಬಂತು, ಆದರೆ ಕಚೇರಿಯ ಕನ್ನಡ. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಬರೆದು, ಸರಿ ಇದೆಯಾ ಅಂತ ನನಗೆ ತೋರಿಸುತ್ತಿದ್ದರು. ನಾನು ಎಂಟನೇ ಕ್ಲಾಸಿನ ಜಾಣತನದಲ್ಲಿ ಕೆಂಪು ಪೆನ್ನು ಹಿಡಿದು ತಿದ್ದುತ್ತಿದ್ದೆ. ಈಗ ನೆನಪಾದರೆ ಕೈ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಎಫ್‌ಡಿಎ, ಎಸ್‌ಡಿಎ, ಅಂದರೆ ಸರ್ಕಾರಿ ಕಚೇರಿಯ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರ ಪರೀಕ್ಷೆಗೆ ಓದುವವರು ಸಾಮಾನ್ಯ ಕನ್ನಡದ ಪೇಪರ್ ಬಂದರೆ ಉಸಿರು ಬಿಡುತ್ತಾರೆ, ಇದು ನಮ್ಮದೇ ಅಂತ. ಅಲ್ಲಿ ಇನ್ನೊಂದು ಆಟ. ಕನಿಷ್ಟವೋ ಕನಿಷ್ಠವೋ, ಉಚ್ಛಾರಣೆಯೋ ಉಚ್ಚಾರಣೆಯೋ, ಧೃಢವೋ ದೃಢವೋ. ಕಿವಿಗೆ ಎರಡೂ ಒಂದೇ. (ಕನಿಷ್ಠ, ಉಚ್ಚಾರಣೆ, ದೃಢ ಸರಿ.) ‘ಬಂದಾರ’, ‘ಹೋಗ್ಯಾರ’ ಅಂತ ಹುಟ್ಟಿದಾಗಿನಿಂದ ಕೇಳಿದವರು ಅಲ್ಲಿ ‘ಬಂದಿದ್ದಾರೆ’, ‘ಹೋಗಿದ್ದಾರೆ’ ಹುಡುಕಬೇಕು. ಇಂಗ್ಲಿಷಿನಲ್ಲಿ ಕಿವಿ ಇಲ್ಲದೆ ಸೋತವರು ಇಲ್ಲಿ ಕಿವಿ ಇದ್ದೇ ಸೋಲುತ್ತಾರೆ. ಇದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಸಿಟ್ಟು ಸ್ವಲ್ಪ ಇಳಿಯಲಿ.

ಮೊನ್ನೆ ಭಾನುವಾರ ನಮ್ಮ ಬ್ಯಾಚಿನವರಿಗೆ ಪರೀಕ್ಷೆ ಇತ್ತು. ಮಾನ್ವಿ ಹುಡುಗಿಗೂ ಬಳ್ಳಾರಿಯೇ ಸೆಂಟರ್ ಬಿದ್ದಿತ್ತು. ಮಧ್ಯಾಹ್ನ ವಾಯ್ಸ್ ಮೆಸೇಜ್ ಬಂತು, ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ, ಯಾರೋ ಸಿರುಗುಪ್ಪ ಸಿರುಗುಪ್ಪ ಅಂತ ಕೂಗುತ್ತಿದ್ದಾರೆ.

“ಸರ್, ಮಾವಿನಹಣ್ಣಿನಂಥಾದ್ದ ಒಂದು ಬಂದಿತ್ರಿ. ಆಫ್ ಇತ್ತು, ನಡುವ ಬಹುವಚನ ಇತ್ತು. ಕನ್ನಡಕ್ಕ ತಿರುವಿ ನೋಡಿದೆ. ಸರಿ ಅನಿಸ್ತು. ನೋ ಎರರ್ ಹೊಡದೀನ್ರಿ. ಆಮ್ಯಾಲ ಕೈ ತುರಿಸಿತು, ಬದಲಿ ಮಾಡಲಿಲ್ರಿ.”

ನಾನು ಕೂಡಲೇ ಫೋನ್ ಮಾಡಿದೆ. “ವಾಕ್ಯ ಏನಿತ್ತು, ಪೂರ್ತಿ ಹೇಳು.”

ಸ್ವಲ್ಪ ಹೊತ್ತು ಆ ಕಡೆ ಬರೀ ಬಸ್ಸಿನ ಹಾರ್ನ್.

“ನೆನಪ ಬರವಲ್ದ್ರಿ ಸರ್. ಕನ್ನಡದಾಗ ಹೇಳ್ಲೇನ್ರಿ?”